ಯಜಮಾನರು ಊರಲ್ಲಿಲ್ಲ

ನನಗೆ ಕವಿತೆ ಅಂದರೆ ಅಷ್ಟಕ್ಕಷ್ಟೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಮದರಾಸಿನ ಪಲ್ಲಾವರಂನಲ್ಲಿರುವ ನಮ್ಮ ಫ್ಲಾಟಿಗೆ ಬಂದವರೆಲ್ಲ ಒಳಕೋಣೆಯ ಗಾಜಿನ ಬೀರುಗಳನ್ನು ಕಂಡು, "ಓಹೋ, ನೀವು ಸಾಹಿತ್ಯದವರೋ!" ಎಂದು ನನ್ನ ಕಡೆ ಹೊಸ ಗೌರವದಿಂದ ತಿರುಗುತ್ತಿದ್ದರು. ನಾನು ಸಾಹಿತ್ಯದವಳಲ್ಲ. ವಿಮಾ ಕಚೇರಿಯಲ್ಲಿ ಕ್ಲೇಮಿನ ಕಾಗದ ನೋಡುತ್ತಿದ್ದವಳು. ಬರೆದ ಮಾತಿಗೆ ಒಂದೇ ಅರ್ಥ ಇರಬೇಕು, ಎರಡನೆಯದು ಹೊರಟರೆ ಕೋರ್ಟಿಗೆ ಹೋಗಬೇಕಾಗುತ್ತದೆ ಎಂದು ಸಂಬಳ ಕೊಟ್ಟು ಕಲಿಸಿದ ಜಾಗ ಅದು. ಕವಿಗಳ ಕಸುಬು ಇದಕ್ಕೆ ತದ್ವಿರುದ್ಧ. ನಮಗೂ ಅವರಿಗೂ ಹೊಂದಾಣಿಕೆಯಾಗುವುದು ಹೇಗೆ?

ಬೀರುಗಳ ತುಂಬ ಇದ್ದವು ನಮ್ಮ ಯಜಮಾನರು ಕೂಡಿಸಿದ ಕವನ ಸಂಕಲನಗಳು. ಅಂಗಡಿಯಲ್ಲಿ ಸಿಗುವಂಥವಲ್ಲ. ಅಲ್ಲೊಬ್ಬರು ಇಲ್ಲೊಬ್ಬರು ಮನೆಯ ಹಿಂದಿನ ಶೆಡ್ಡಿನಲ್ಲಿ ಕಾಲಲ್ಲಿ ತುಳಿಯುವ ಹಳೆಯ ಟ್ರೆಡಲ್ ಅಚ್ಚಿನ ಯಂತ್ರ ಇಟ್ಟುಕೊಂಡಿರುತ್ತಾರೆ. ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಕೈಯಿಂದ ಜೋಡಿಸಿ, ಕೈಕಾಗದದ ಮೇಲೆ ಒತ್ತಿ, ದಾರದಿಂದ ಹೊಲಿದು, ಖಾದಿಯ ರಟ್ಟು ಹಾಕಿ ನೂರು ಪ್ರತಿ ತೆಗೆಯುತ್ತಾರೆ. ಆಮೇಲೆ ಮೊಳೆಗಳನ್ನು ಕಳಚಿಬಿಡುತ್ತಾರೆ. ಇನ್ನು ಕುಬೇರನೇ ಬಂದು ಕೇಳಿದರೂ ನೂರಾ ಒಂದನೆಯ ಪ್ರತಿ ಇಲ್ಲ. ಕೊನೆಯ ಪುಟದಲ್ಲಿ ಕವಿಯ ಸಹಿ, ಅದರ ಪಕ್ಕ ಶಾಯಿಯಲ್ಲಿ ಬರೆದ ಒಂದು ಸಂಖ್ಯೆ. ಇದು ನೂರರಲ್ಲಿ ಎಷ್ಟನೆಯದು ಎಂಬುದಕ್ಕೆ ಗುರುತು. ಆ ಸಂಖ್ಯೆಯೇ ನಮ್ಮವರ ಪ್ರಾಣ. ಸಂಖ್ಯೆ ಸಣ್ಣದಾದಷ್ಟೂ ಪುಸ್ತಕ ದೊಡ್ಡದಂತೆ. ತೊಂಬತ್ತೆರಡು ಬಂದರೆ ಎರಡು ದಿನ ಮುಖ ಗಂಟು. ಹದಿನಾಲ್ಕು ಬಂದರೆ ಆವತ್ತು ಸಾರಿಗೆ ಉಪ್ಪು ಹಾಕದಿದ್ದರೂ ಬೇಕಾಗಿಲ್ಲ.

"ಒಳಗಿರೋ ಪದ್ಯ ಎಲ್ಲದರಲ್ಲೂ ಒಂದೇ ಅಲ್ವೇನ್ರೀ?" ಎಂದು ಕೇಳಿದರೆ, ಮಗುವನ್ನು ನೋಡುವ ಹಾಗೆ ನೋಡುತ್ತಿದ್ದರು.

ಬೇಕೆಂದೇ ನೂರಕ್ಕೆ ನಿಲ್ಲಿಸುವುದು ನನಗೆ ತಮಾಷೆಯಾಗಿ ಕಾಣುತ್ತಿತ್ತು. ನಮ್ಮಲ್ಲಿ ಸಾವಿರ ಪ್ರತಿ ಹಾಕಿಸಿದ ಕವಿಯ ಮನೆಯಲ್ಲಿ ಮಂಚದ ಕೆಳಗೆ ಒಂಬೈನೂರು ಇರುತ್ತವೆ. ಅದೂ ಸೀಮಿತ ಆವೃತ್ತಿಯೇ. ವ್ಯತ್ಯಾಸವೆಂದರೆ, ಅಲ್ಲಿ ಓದುಗರು ಸೀಮಿತ, ಇಲ್ಲಿ ಪುಸ್ತಕ ಸೀಮಿತ. ಹೀಗೆ ಹೇಳಿದಾಗ ಅವರು ನಗುತ್ತಿದ್ದರು. ನಗುವುದನ್ನು ಅವರು ಬಹಳ ಕಾಲ ಮರೆಯಲಿಲ್ಲ.

ಈ ಹುಚ್ಚಿಗೆ ನಾನೂ ಕಾರಣಳೇ. ಅವರದು ತಲೆಮಾರುಗಳಿಂದ ಮದರಾಸಿನಲ್ಲೇ ಇದ್ದ ಮನೆತನ. ಮನೆಯಲ್ಲಿ ಕನ್ನಡ, ಅದೂ ಅರ್ಧ ತಮಿಳು ಬೆರೆಸಿದ್ದು. ಓದಿದ್ದೆಲ್ಲ ತಮಿಳು, ಇಂಗ್ಲಿಷು. ಕನ್ನಡ ಓದಲು ಬರೆಯಲು ಬರುತ್ತಿರಲಿಲ್ಲ. ನಂಜನಗೂಡಿನಿಂದ ಸೊಸೆಯಾಗಿ ಬಂದ ನಾನೇ ಒಂದು ಬೇಸಿಗೆಯಲ್ಲಿ ಅಕ್ಷರ ಕಲಿಸಿದೆ. ಅವರು ಎಗ್ಮೋರಿನ ಒಂದು ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆಯುವವರು. ದಿನವಿಡೀ ಗೆರೆ ಎಳೆಯುವ ಮನುಷ್ಯನಿಗೆ ಕನ್ನಡದ ದುಂಡು ಕಂಡು ಮರುಳು ಹಿಡಿಯಿತು. ಬೇರೆಯವರು ಕವಿತೆಯ ಮೂಲಕ ಅಕ್ಷರಕ್ಕೆ ಬಂದರೆ, ಇವರು ಅಕ್ಷರದ ಮೂಲಕ ಕವಿತೆಗೆ ಬಂದರು. ಹಾಸನದಲ್ಲಿ ಚಂದ್ರಣ್ಣ ಎಂಬ ಒಬ್ಬರು ಹೀಗೆ ಪುಸ್ತಕ ಮಾಡುತ್ತಾರೆಂದು ಯಾರೋ ಹೇಳಿದ್ದೇ ನೆಪ, ಮೊದಲ ಪಾರ್ಸೆಲ್ ಬಂತು. ಅದನ್ನು ಬಿಚ್ಚುವ ಮುಂಚೆ ಇನ್ನೊಂದು ಸಲ ಸ್ನಾನ ಮಾಡಿ ಬಂದು, ಒಗೆದ ಪಂಚೆಯೊಂದನ್ನು ಮೇಜಿನ ಮೇಲೆ ಹಾಸಿದರು. ನಮ್ಮತ್ತೆ ಅಡುಗೆಮನೆಯಲ್ಲಿ ಮಾಡದೆ ಬಿಟ್ಟಿದ್ದ ಮಡಿಯನ್ನೆಲ್ಲ ಮಗ ಪುಸ್ತಕದ ಮುಂದೆ ಮಾಡಿದ. ಪುಟ ತೆರೆದು, ಕಣ್ಣು ಮುಚ್ಚಿ, ಸಾಲಿನ ಮೇಲೆ ಬೆರಳಾಡಿಸಿ, "ರೊಂಬ ಚೆನ್ನಾಗಿ ಒತ್ತಿದಾರೆ, ಪದ್ಮಾ," ಅಂದರು. ಪದ್ಯ ಏನು ಹೇಳುತ್ತದೆಂದು ಆವತ್ತು ಅವರೂ ನೋಡಲಿಲ್ಲ, ನಾನೂ ಕೇಳಲಿಲ್ಲ.

ಆಮೇಲೆ ವರ್ಷಗಳು ಹಾಗೇ ಹೋದವು. ಪಾರ್ಸೆಲ್‌ಗಳು ಬಂದವು, ಬೀರುಗಳು ತುಂಬಿದವು. ನಾವಿಬ್ಬರೂ ನಿವೃತ್ತರಾದೆವು. ಮಗಳು ಮಾಲಿನಿ ಮದುವೆಯಾಗಿ ಮಾಧವರಂಗೆ ಹೋದಳು. ಊರಿನ ಒಂದು ತುದಿಯಲ್ಲಿ ನಾವು, ಇನ್ನೊಂದು ತುದಿಯಲ್ಲಿ ಅವಳು.

ಕೆಟ್ಟದ್ದು ಫೋನಿನಲ್ಲಿ ಬಂತು. ಚಂದ್ರಣ್ಣ ಮಾಡಿದ್ದರು. "ಅಮ್ಮಾ, ಸಾರು ಅದೇ ಪುಸ್ತಕಕ್ಕೆ ಇನ್ನೊಂದ್ಸಲ ದುಡ್ಡು ಕಳ್ಸವ್ರೆ. ಅವ್ರಿಗೆ ಆಗ್ಲೇ ಒಂದು ಹೋಗೈತೆ. ಎರಡೆರಡು ತಗಳೋರಲ್ಲ ಅವ್ರು." ಆಮೇಲೆ, "ಆರೋಗ್ಯವಾಗವ್ರಾ?" ಎಂದು ಕೇಳಿದರು.

ಆರೋಗ್ಯವಾಗಿರಲಿಲ್ಲ. ಡಾಕ್ಟರು ಮೆದುಳಿನ ಚಿತ್ರ ತೆಗೆಸಿ, ಅದನ್ನು ಬೆಳಕಿಗೆ ಹಿಡಿದು, ಮರೆವಿನ ಕಾಯಿಲೆ ಅಂದರು. ಬಿಳಿ ಬೂದು ಗೆರೆಗಳ ಆ ಹಾಳೆಯನ್ನು ಇವರು ಕೈಗೆ ತೆಗೆದುಕೊಂಡು, ಬರೆದವರ ಕೈ ಚೆನ್ನಾಗಿದೆ ಎಂದರು. ಡಾಕ್ಟರು ನನ್ನ ಮುಖ ನೋಡಿದರು.

ಮೊದಲು ಹೋದದ್ದು ದಿನ, ವಾರ. ಆಮೇಲೆ ನೆರೆಯವರ ಹೆಸರು. ಆಮೇಲೆ ಒಂದು ಬೆಳಗ್ಗೆ ಬೀರುಗಳ ಮುಂದೆ ನಿಂತು, "ಇದೆಲ್ಲಾ ಯಾರದ್ದು?" ಅಂದರು.

"ನಿಮ್ಮದೇ ಕಣ್ರೀ," ಅಂದೆ.

ಅವರು ನಂಬಲಿಲ್ಲ. ನಾನು ಒಂದೊಂದಾಗಿ ತೆಗೆದು, ಇದು ಇಂಥ ವರ್ಷ ಬಂತು, ಇದಕ್ಕೆ ನೀವು ಜ್ವರದಲ್ಲೂ ಪೋಸ್ಟಾಫೀಸಿಗೆ ಹೋಗಿದ್ದಿರಿ ಎಂದು ಹೇಳಿದೆ. ಹೇಳಿದಷ್ಟೂ ಅವರ ಮುಖ ಸಣ್ಣದಾಯಿತು. ತನ್ನದಾಗಿದ್ದೂ ತನಗೆ ಗೊತ್ತಿಲ್ಲ ಎಂಬುದು ಅರ್ಥವಾಗುವಷ್ಟು ಬುದ್ಧಿ ಇನ್ನೂ ಉಳಿದಿತ್ತು ನೋಡಿ, ಅದೇ ಸಂಕಟ. ಕೊನೆಗೆ ಕುರ್ಚಿಯಲ್ಲಿ ಕೂತು ಅತ್ತರು. ಮಾರನೇ ದಿನ ಅದೇ ಪ್ರಶ್ನೆ, ಅದೇ ಉತ್ತರ, ಅದೇ ಅಳು. ಹೀಗೆ ಎಷ್ಟೋ ದಿನ ಆದಮೇಲೆ ಒಮ್ಮೆ, ಸುಸ್ತಾಗಿ, "ಯಾರೋ ಪರಿಚಯದವರು ಇಟ್ಟು ಹೋಗಿದಾರೆ," ಅಂದುಬಿಟ್ಟೆ.

ಅವರ ಮುಖ ತಿಳಿಯಾಯಿತು. "ಹಾಗಾ? ಒಳ್ಳೆ ರಸಿಕರು," ಅಂದರು.

ಅಂದಿನಿಂದ ನಮ್ಮ ಮನೆಯಲ್ಲಿ ಮೂರನೆಯವರೊಬ್ಬರು ಸೇರಿಕೊಂಡರು. ಊರಲ್ಲಿಲ್ಲದ ಆ ಪರಿಚಯದವರ ಬಗ್ಗೆ ಅವರಿಗೆ ಎಲ್ಲಿಲ್ಲದ ಕುತೂಹಲ. ಅದೇ ಹೊತ್ತಿಗೆ ನಾನು ಯಾರೆಂಬುದೂ ಮಸುಕಾಗುತ್ತಿತ್ತು. ಮದುವೆಯಾದಾಗಿನಿಂದ 'ಪದ್ಮಾ', 'ಇವಳೇ', 'ಬಾ', 'ಹೋಗು' ಅಂದವರು ನಿಧಾನಕ್ಕೆ 'ನೀವು', 'ಬನ್ನಿ ಮಾ' ಎನ್ನತೊಡಗಿದರು. ಗಂಡ ಹೆಂಡತಿಗೆ ಬಹುವಚನ ಹಚ್ಚಬೇಕೆಂದು ಸಭೆಗಳಲ್ಲಿ ಹೇಳುವ ಹೆಂಗಸರನ್ನು ಕಂಡಿದ್ದೇನೆ. ಅದು ಸಿಕ್ಕಾಗ ಹೇಗಿರುತ್ತದೆಂದು ಅವರಿಗೆ ಹೇಳಬೇಕೆನಿಸುತ್ತದೆ. ಬೇರೆ ಯಾರದೋ ಮನೆಯಲ್ಲಿ ಅತಿಥಿಯಾಗಿ ನಿಂತ ಹಾಗಿರುತ್ತದೆ.

ಒಂದು ಮಧ್ಯಾಹ್ನ ಒಂದು ಪುಸ್ತಕದ ಬೆನ್ನು ಸವರುತ್ತಾ ಕೇಳಿದರು: "ಅವರಿಗೆ ಮದುವೆ ಆಗಿದೆಯಾ ಮಾ?"

"ಆಗಿದೆ."

"ಇಷ್ಟೊಂದು ಪುಸ್ತಕ... ಮನೇಲಿ ಜಾಗಾನೇ ಬಿಟ್ಟಿಲ್ಲ." ತಲೆಯಾಡಿಸಿದರು. "ಅವರ ಹೆಂಡ್ತಿ ಪಾವಂ."

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು, ನಾನೇಕೆ ನಕ್ಕೆ ಎಂದು ತಿಳಿಯದೆ. ಕಾಫಿ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಹಾಲು ಉಕ್ಕಿ ಒಲೆಯೆಲ್ಲ ಆದರೂ ಸುಮ್ಮನೆ ನಿಂತಿದ್ದೆ. ಹೆಂಡತಿ ಪಾಪ ಎನ್ನುವ ಆ ಮಾತಿಗೆ ಇಷ್ಟು ವರ್ಷ ಕಾದಿದ್ದೆ. ಹೇಳಿದವರಿಗೆ ಯಾರಿಗೆ ಹೇಳಿದೆನೆಂದು ಗೊತ್ತಿರಲಿಲ್ಲ, ಅಷ್ಟೇ.

ಅವರಿಗೆ ಸಾಲು ಹಿಡಿದು ಓದುವುದು ಕಷ್ಟವಾದ್ದರಿಂದ ನಾನು ಓದಿ ಹೇಳತೊಡಗಿದೆ. ಕ್ಲೇಮಿನ ಕಾಗದ ಓದುವ ಧಾಟಿ ನನ್ನದು. ಕವಿಗಳು ಕೇಳಿದ್ದರೆ ನೊಂದುಕೊಳ್ಳುತ್ತಿದ್ದರು. ವಿಮಾನ ತಲೆಯ ಮೇಲೆ ಹೋದಾಗ ನಿಲ್ಲಿಸಬೇಕು, ಹೋದಮೇಲೆ ಮುಂದುವರಿಸಬೇಕು. ವಿಮಾನ ನಿಲ್ದಾಣದ ಪಕ್ಕದ ನಮ್ಮೂರಲ್ಲಿ ಎಲ್ಲ ಪದ್ಯಕ್ಕೂ ನಡುನಡುವೆ ಹೀಗೆ ಬಿಡುವು ಬೀಳುತ್ತದೆ. ಆ ಬಿಡುವಿನಲ್ಲಿ ಓದಿದ ಸಾಲು ಸುಮ್ಮನೆ ತಲೆಯಲ್ಲಿ ಕೂತಿರುತ್ತಿತ್ತು. ಕೆಲವು ಸಾಲು ವಿಮಾನ ಹೋದಮೇಲೂ ಎದ್ದುಹೋಗುತ್ತಿರಲಿಲ್ಲ. ನನಗೆ ಕವಿತೆ ಹಿಡಿಸಿತು ಎಂದು ಹೇಳುತ್ತಿಲ್ಲ. ತರಕಾರಿ ಹೆಚ್ಚುವಾಗ ನೆನಪಾಗಿ ಕಿರಿಕಿರಿ ಮಾಡುತ್ತಿತ್ತು, ಅಷ್ಟೇ ಹೇಳಬಲ್ಲೆ.

ಮಳೆಗಾಲದಲ್ಲಿ ಒಂದು ದಿನ ನಾನು ಸ್ನಾನಕ್ಕೆ ಹೋಗಿದ್ದಾಗ ಅವರು ಬಾಗಿಲು ತೆಗೆದುಕೊಂಡು ಹೊರಟುಹೋದರು. ಪಲ್ಲಾವರಂ ಸ್ಟೇಷನ್ನಿನಲ್ಲಿ ನೆನೆದುಕೊಂಡು ನಿಂತು, ಎಗ್ಮೋರಿನ ಗಾಡಿ ಯಾವಾಗ, ಕಚೇರಿಗೆ ಹೊತ್ತಾಯಿತು ಎಂದು ಎಲ್ಲರನ್ನೂ ಕೇಳುತ್ತಿದ್ದರಂತೆ. ಹೂವಿನವಳು ಗುರುತು ಹಿಡಿದು ಕರೆತಂದಳು. ಮಾಲಿನಿ ಆವತ್ತೇ ಆಫೀಸಿನಿಂದ ನೇರವಾಗಿ ಬಂದಳು. ಇನ್ನು ನೋಡಿಕೊಳ್ಳಲು ಹಗಲೂ ರಾತ್ರಿ ಒಬ್ಬರು ಮನೆಯಲ್ಲೇ ಇರಬೇಕು, ಅವರಿಗೆ ಒಳಕೋಣೆ ಬೇಕು, ಬೀರುಗಳು ಹೋಗಬೇಕು ಎಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ. ಉತ್ತರ ಮಾತ್ರ ತಮಿಳಿನಲ್ಲೇ.

"ಅವರ ಪ್ರಾಣ ಅದು ಕಣೇ," ಅಂದೆ.

"ಅವರುಕ್ಕೇ ಅದು ಯಾರೋಡದುನ್ನು ತೆರಿಯಲೆಯೇ ಮಾ," ಅಂದಳು. ಯಾರದೆಂದು ಅವರಿಗೇ ಗೊತ್ತಿಲ್ಲವಲ್ಲ, ಎಂದು. ಕಠಿಣವಾಗಿ ಹೇಳಲಿಲ್ಲ, ಅಪ್ಪನ ಒದ್ದೆ ತಲೆ ಒರೆಸುತ್ತಾ ಹೇಳಿದಳು.

ಕೊಳ್ಳುವವರನ್ನು ಹುಡುಕುವುದು ಕಷ್ಟವಾಗಲಿಲ್ಲ. ಮೈಸೂರಿನಲ್ಲಿ ಪ್ರಶಾಂತ ಎಂಬ ಮೇಷ್ಟರಿದ್ದರು. ಇವರಂತೆಯೇ ರೋಗಿ. ಅಂದರೆ ಸಂಗ್ರಾಹಕ. ಹಿಂದೆ ಇಬ್ಬರೂ ಫೋನಿನಲ್ಲಿ ಗಂಟೆಗಟ್ಟಲೆ ಸಂಖ್ಯೆಗಳ ಮಾತಾಡುತ್ತಿದ್ದರು, ಮುಖ ನೋಡಿರಲಿಲ್ಲ. ಹಿಂದಿನ ದಿನವೇ ಬಂದು ಎಗ್ಮೋರಿನಲ್ಲಿ ರೂಮು ಮಾಡಿ, ಬೆಳಗ್ಗೆ ಲೋಕಲ್ ಗಾಡಿ ಹಿಡಿದು ಮನೆಗೆ ಬಂದರು. ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ಅವನ್ನು ನೋಡಿದ ಕೂಡಲೇ ನನಗೆ ಅವರ ಮೇಲೆ ಕೋಪ ಬಂತು, ಕರೆಸಿದವಳು ನಾನೇ ಆದರೂ.

ಆವತ್ತು ಇವರಿಗಿದ್ದ ಹುರುಪು ಹೇಳತೀರದು. ಇಸ್ತ್ರಿ ಮಾಡಿದ ಷರ್ಟು ಕೇಳಿ ಹಾಕಿಸಿಕೊಂಡರು. ಬಂದವರನ್ನು ಕೈಹಿಡಿದು ಒಳಕೋಣೆಗೆ ಕರೆದೊಯ್ದರು.

"ಕಣ್ಣು ಮುಚ್ಕೊಳ್ಳಿ ಸಾರ್. ಹೀಗೆ ಬೆರಳು ಓಡ್ಸಿ. ಅಕ್ಷರ ತಗಲತ್ತಾ?"

"ತಗಲತ್ತೆ ಸರ್."

"ಇದು ಒಬ್ಬರೇ ಕೂತು ಜೋಡ್ಸಿದ್ದು. ಈ ಪುಟದಲ್ಲಿ ನೋಡಿ, ಒಂದು ಒತ್ತು ಸ್ವಲ್ಪ ಮೇಲೆ ಕೂತಿದೆ. ಅವರಿಗೂ ಗೊತ್ತು. ಆದ್ರೂ ಬಿಟ್ಟಿದಾರೆ. ಕೈಯಿಂದ ಮಾಡಿದ್ದು ಅಂತ ತಿಳೀಬೇಕಲ್ಲ!"

ಇಡೀ ಬೀರುವನ್ನು ಹೀಗೆ ತೋರಿಸಿದರು. ನನ್ನ ಹೆಸರು ಮರೆತ ಮನುಷ್ಯ ಒಂದೊಂದು ಕಾಗದ ಯಾವುದರ ನಾರಿನದೆಂದು ಮುಟ್ಟಿ ಹೇಳುತ್ತಿದ್ದರು. ಪ್ರಶಾಂತ ಕಣ್ಣರಳಿಸಿ ಕೇಳುತ್ತಿದ್ದರು. ಕೊನೆಗೆ ನನ್ನ ಕಡೆ ನೋಡಿ, ಗಂಟಲು ಸರಿಮಾಡಿಕೊಂಡು, "ಸರ್, ಇವನ್ನೆಲ್ಲ ನಾನು ಮೈಸೂರಿಗೆ ತಗೊಂಡು ಹೋಗೋಣ ಅಂತ ಬಂದಿದೀನಿ. ಜೋಪಾನವಾಗಿ ನೋಡ್ಕೋತೀನಿ," ಅಂದರು.

ಇವರು ಕೈಯಲ್ಲಿದ್ದ ಪುಸ್ತಕವನ್ನು ಮೆಲ್ಲಗೆ ಒಳಗಿಟ್ಟು ಬೀರುವಿನ ಬಾಗಿಲು ಹಾಕಿದರು.

"ಅದು ಹೇಗೆ ಸಾರ್ ಆಗತ್ತೆ? ಯಜಮಾನರು ಊರಲ್ಲಿಲ್ಲ."

"ಯಜಮಾನರು ಅಂದ್ರೆ...?"

"ಇದರ ಯಜಮಾನರು. ಎಲ್ಲಿಗೋ ಹೋಗಿದಾರೆ. ಈ ಅಮ್ಮನ್ನ ನಂಬಿ ಬಿಟ್ಟು ಹೋಗಿದಾರೆ." ದನಿ ತಗ್ಗಿಸಿದರು, ನನಗೆ ಕೇಳಿಸಬಾರದೆಂಬಂತೆ. "ಇವರು ಸಾಧು. ಕೇಳಿದ್ರೆ ಇಲ್ಲ ಅನ್ನೋಕಾಗದೆ ಕೊಟ್ಟುಬಿಡ್ತಾರೆ. ನಾಳೆ ಅವರು ಬಂದು ಎಲ್ಲಿ ಅಂದ್ರೆ ಪಾವಂ, ಇವರು ಏನು ಹೇಳ್ತಾರೆ? ಇವರನ್ನ ಕಷ್ಟಕ್ಕೆ ಸಿಕ್ಕಿಸಬೇಡಿ ಸಾರ್."

ಪ್ರಶಾಂತ "ಸರ್, ಇವು ನಿಮ್ಮವೇ..." ಎಂದು ಶುರುಮಾಡಿದರು. ನಾನು ಬೇಡವೆಂದು ಕೈಯಾಡಿಸಿದೆ. ಕನ್ನಡದಲ್ಲಿ ಗಂಡನಿಗೂ ಒಡೆಯನಿಗೂ ಒಂದೇ ಪದ. ಒಂದು ಮಾತಿಗೆ ಒಂದೇ ಅರ್ಥ ಎಂದು ನಂಬಿ ಬದುಕಿದ ನಾನು ಬಾಗಿಲಿಗೆ ಒರಗಿ ನಿಂತುಕೊಂಡೆ. ಯಜಮಾನರು ಊರಲ್ಲಿಲ್ಲ. ಎರಡು ಅರ್ಥದಲ್ಲೂ ನಿಜ. ಯಾವ ಊರಲ್ಲಿದ್ದಾರೋ, ಯಾವ ಸ್ಟೇಷನ್ನಿನಲ್ಲಿ ಗಾಡಿ ಕಾಯುತ್ತಿದ್ದಾರೋ.

ಪ್ರಶಾಂತ ಒಳ್ಳೆಯವರು. ಕಾಫಿ ಕುಡಿದು, ಇನ್ನೊಂದಷ್ಟು ಹೊತ್ತು ಪುಸ್ತಕ ನೋಡಿ, ಪೆಟ್ಟಿಗೆಗಳನ್ನು ಮತ್ತೆ ಕಂಕುಳಿಗೆ ಸೇರಿಸಿ ಹೊರಟರು. ಲಿಫ್ಟಿನ ಹತ್ತಿರ ನನಗೆ, "ಯಜಮಾನರು ಬಂದಮೇಲೆ ಹೇಳಿ ಕಳಿಸೀಮ್ಮಾ," ಎಂದರು. ವಿಷಯ ತಿಳಿದು ಮಾಲಿನಿಗೆ ಸಿಟ್ಟು ಬಂತು. ಅಪ್ಪನಿಗಂತೂ ತಿಳಿಯದು, ನಿನಗೂ ತಿಳಿಯದೇ ಎಂದಳು. ನನ್ನನ್ನು ಕಾಪಾಡಬೇಕೆಂದು ಅವರು ನಿಂತದ್ದನ್ನು ಅವಳಿಗೆ ಯಾವ ಭಾಷೆಯಲ್ಲಿ ಹೇಳಲಿ? ಹಾಲ್‌ನಲ್ಲಿ ಮಲಗಲು ದಿವಾನ್ ಮಂಚ ಹಾಕಿ, ಕಸ್ತೂರಿ ಎಂಬ ಹೆಂಗಸನ್ನು ನೋಡಿಕೊಳ್ಳಲು ಇಟ್ಟುಕೊಂಡೆವು.

ಕಥೆ ಇಲ್ಲಿಗೆ ಮುಗಿದಿದ್ದರೆ ಹೇಳಲು ಚೆನ್ನಾಗಿತ್ತು. ಕಾಯಿಲೆ ಕಥೆಯ ಮಾತು ಕೇಳುವುದಿಲ್ಲ. ಮಳೆ ಹೋಗಿ, ಮಾರ್ಗಳಿಯ, ಅಂದರೆ ನಮ್ಮ ಧನುರ್ಮಾಸದ, ಒಂದಿಷ್ಟು ತಂಪು ಬಂದು ಹೋಗಿ, ಬಿಸಿಲು ಶುರುವಾಗುವ ಹೊತ್ತಿಗೆ ಅವರು ಬೀರುಗಳ ಕಡೆ ನೋಡುವುದನ್ನೇ ಬಿಟ್ಟರು. ಕರೆದುಕೊಂಡು ಹೋಗಿ ನಿಲ್ಲಿಸಿದರೆ ಗಾಜಿನಲ್ಲಿ ಕಾಣುವ ತಮ್ಮ ಮುಖಕ್ಕೆ ನಮಸ್ಕಾರ ಮಾಡುತ್ತಿದ್ದರು. ಯಾರದ್ದು ಎಂದು ಕೇಳಲಿಲ್ಲ. ನಾನು ಆ ಪ್ರಶ್ನೆಗೆ ಕಾದೆ. ಒಂದು ಕಾಲದಲ್ಲಿ ಯಾವುದಕ್ಕೆ ಹೆದರುತ್ತಿದ್ದೆನೋ ಅದಕ್ಕೇ ಕಾದೆ. ಓದಿ ಹೇಳಿದರೆ ನಿದ್ದೆ ಹೋಗುತ್ತಿದ್ದರು. ಕಸ್ತೂರಿಗೆ ಹಾಲ್‌ನಲ್ಲಿ ಫ್ಯಾನು ಸಾಲದೆ ಸೆಖೆಗೆ ಜ್ವರ ಬಂತು. ಒಂದು ದಿನ ನಾನೇ ಪ್ರಶಾಂತರಿಗೆ ಫೋನು ಮಾಡಿದೆ.

ಈ ಸಲ ಇಬ್ಬರು ಕೂಲಿಯಾಳುಗಳೊಡನೆ ವ್ಯಾನು ತಂದಿದ್ದರು. ಇವರು ಹಾಲ್‌ನಲ್ಲಿ ಕುರ್ಚಿಯಲ್ಲಿ ಕೂತಿದ್ದರು. ತಡೆಯುತ್ತಾರೆ, ಎದ್ದು ನಿಂತು ಯಜಮಾನರ ಮಾತೆತ್ತುತ್ತಾರೆ ಎಂದು ನಾನು ಉಸಿರು ಹಿಡಿದಿದ್ದೆ. ಏನು ಹೇಳಬೇಕೆಂದೂ ಯೋಚಿಸಿಟ್ಟಿದ್ದೆ. ಪೆಟ್ಟಿಗೆ ಹೊತ್ತವರು ಹತ್ತಿರ ಬಂದಾಗ ಅವರಿಗೆ ದಾರಿಯಾಗಲೆಂದು ಇವರು ಕಾಲು ಮಡಚಿಕೊಂಡರು. ಅಷ್ಟೇ. ಪ್ರತಿ ಪೆಟ್ಟಿಗೆಗೂ ಹಾಗೇ, ಮರ್ಯಾದೆಯಿಂದ. ಪ್ರಶಾಂತ ಹೊರಡುವಾಗ ಅವರ ಪಾದ ಮುಟ್ಟಿದರು. "ನಲ್ಲಾ ಇರುಪ್ಪಾ," ಎಂದು ಇವರು ತಮಿಳಿನಲ್ಲಿ ಹರಸಿದರು, ಚೆನ್ನಾಗಿರಪ್ಪಾ ಎಂದು.

ಒಳಕೋಣೆಯಲ್ಲಿ ಗೋಡೆಯ ಮೇಲೆ ಬೀರುಗಳಿದ್ದ ಜಾಗದ ಬಣ್ಣ ಮಾತ್ರ ಹೊಸದಾಗಿತ್ತು. ಅಲ್ಲಿ ಕಸ್ತೂರಿಯ ಮಂಚ ಹಾಕಿದೆವು. ಮನೆ ದೊಡ್ಡದಾಯಿತು, ಗಾಳಿ ಬಂತು. ಎಷ್ಟೋ ವರ್ಷಗಳಿಂದ ನಾನು ಕೇಳುತ್ತಿದ್ದ ಜಾಗ ನನಗೆ ಸಿಕ್ಕಿತು. ಅದನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಮಧ್ಯಾಹ್ನ ವಿಮಾನ ಹೋಗುವಾಗ ಯಾವುದೋ ಸಾಲನ್ನು ಅರ್ಧಕ್ಕೆ ನಿಲ್ಲಿಸಿದವಳಂತೆ ತಲೆಯೆತ್ತುತ್ತಿದ್ದೆ.

ಮೊನ್ನೆ ಮೊನ್ನೆ ಚಂದ್ರಣ್ಣನವರ ಫೋನು ಬಂತು. ಪುಸ್ತಕ ಮಾರಿದ್ದು ಅವರಿಗೆ ಗೊತ್ತಿರಲಿಲ್ಲ. "ಹೊಸದೊಂದು ಮಾಡಿವ್ನಿ ಅಮ್ಮಾ. ಹೆಣ್ಣುಮಗಳು, ಮೊದಲನೇ ಪುಸ್ತಕ. ಸಾರಿಗೊಂದು ಎತ್ತಿಡ್ಲಾ?"

ಇಲ್ಲ ಎನ್ನಲು ಬಾಯಿ ತೆರೆದೆ. "ನನಗೊಂದು ಎತ್ತಿಡಿ," ಎಂದೆ.

"ನಿಮಗಾ?" ಅವರಿಗೆ ನಗು. "ಕವಿತೆ ಅಂದ್ರೆ ದೂರ ಹೋಗೋರು ನೀವು. ಯಾವ ಹೆಸರಿಗೆ ಬರೀಲಿ?"

"ಪದ್ಮಾ ಅಂತ ಬರೀರಿ."

ಪಾರ್ಸೆಲ್ ಬಂದಾಗ ನಾನು ಸ್ನಾನವನ್ನೂ ಮಾಡಲಿಲ್ಲ, ಪಂಚೆಯನ್ನೂ ಹಾಸಲಿಲ್ಲ. ತರಕಾರಿ ಹೆಚ್ಚುವ ಚಾಕುವಿನಲ್ಲಿ ದಾರ ಕತ್ತರಿಸಿದೆ. ಇಂಡಿಗೊ ಬಣ್ಣದ ಸಣ್ಣ ಪುಸ್ತಕ. ತಂದು ಇವರ ತೊಡೆಯ ಮೇಲೆ ಇಟ್ಟೆ, ಏನಾದರೂ ಆಗುತ್ತದೆಂದು ಅಲ್ಲ, ಸುಮ್ಮನೆ. ವಾರಗಳಿಂದ ಅವರು ಒಂದು ಪೂರ್ತಿ ಮಾತೂ ಆಡಿರಲಿಲ್ಲ. ಬಹಳ ಹೊತ್ತು ಪುಸ್ತಕವನ್ನು ನೋಡಿದರು. ಕೈ ತಾನೇ ತಾನಾಗಿ ಅದನ್ನು ತೆರೆಯಿತು. ಮೊದಲ ಪುಟ ಅಲ್ಲ, ಹಿಂದಿನಿಂದ, ಕೊನೆಯ ಪುಟ. ಶಾಯಿಯ ಸಂಖ್ಯೆಯ ಮೇಲೆ ಬೆರಳು ನಿಂತಿತು.

"ಏಳು," ಅಂದರು.

ನಾನು ಹತ್ತಿರ ಬಗ್ಗಿದೆ.

"ಇದು ಯಾರದ್ದು?"

"ನಂದು."

ತಲೆಯೆತ್ತಿ ನನ್ನನ್ನು ನೋಡಿದರು. ಗುರುತಿನ ನೋಟ ಅದಲ್ಲ. ನಿಮಗೆ ಹಾಗೆ ಹೇಳಿ ನಾನು ಸುಳ್ಳಾಡುವುದಿಲ್ಲ. ಅದು ಅಪ್ಪಟ ಹೊಟ್ಟೆಕಿಚ್ಚು. ಇಷ್ಟು ಕಾಲ ಕಾದರೂ ಅವರಿಗೆ ಒಂದಂಕಿಯ ಪುಸ್ತಕ ಒಂದೂ ಬಂದಿರಲಿಲ್ಲ. ಹೆಸರು, ಊರು, ಹೆಂಡತಿ, ಮಗಳು ಎಲ್ಲವನ್ನೂ ಒಯ್ದ ಕಾಯಿಲೆ ಅದೊಂದನ್ನು ಮೂಲೆಯಲ್ಲಿ ಎಲ್ಲೋ ಮರೆತು ಬಿಟ್ಟುಹೋಗಿತ್ತು. ನನ್ನ ಹತ್ತಿರ ಇರುವುದೊಂದನ್ನು ಕಂಡು ಅವರು ಹೊಟ್ಟೆ ಉರಿದುಕೊಂಡದ್ದು ನಮ್ಮ ಸಂಸಾರದಲ್ಲಿ ಅದೇ ಮೊದಲು. ನನಗಾದ ಸಂತೋಷವನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

"ನೋಡಿ ಕೊಡ್ತೀನಿ ಮಾ," ಎಂದು ಪುಸ್ತಕವನ್ನು ಎದೆಗೆ ಒತ್ತಿ ಹಿಡಿದುಕೊಂಡರು.

ಸಂಗ್ರಾಹಕರು ಹೀಗೆ ಹೇಳಿ ತೆಗೆದುಕೊಂಡ ಪುಸ್ತಕವನ್ನು ವಾಪಸು ಕೊಟ್ಟದ್ದನ್ನು ನಾನಂತೂ ಕಂಡಿಲ್ಲ. ಇವರೂ ಇನ್ನೂ ಕೊಟ್ಟಿಲ್ಲ. ನನಗೂ ಅವಸರವೇನಿಲ್ಲ.